ಗೊರಕೆ, ದವಡೆ ಮತ್ತು ನೂರು ವರ್ಷದ ತಡ

ಹಲ್ಲಿನ ಹಿಸ್ಟರಿ ಸರಣಿ. ಈ ಸಲ 6 ಕ್ಯಾಪ್ಷನ್. ಸ್ವಲ್ಪ ಉದ್ದ ಇದೆ, ಆದ್ರೆ ಮನೆಯವರಿಗೂ ಓದಿ ಹೇಳಬೇಕಾದ ವಿಷಯ.

1/6
ಮನೇಲಿ ಯಾರಾದ್ರೂ ಜೋರಾಗಿ ಗೊರಕೆ ಹೊಡೆದರೆ ನಾವು ಏನಂತೀವಿ? ‘ಕುಂಭಕರ್ಣ ಮಲಗಿದಾನೆ ನೋಡು’ ಅಂತ ನಗ್ತೀವಿ. ಗೊರಕೆ ಅಂದ್ರೆ ಒಳ್ಳೆ ನಿದ್ದೆ ಅಂತಲೇ ನಮ್ಮ ಲೆಕ್ಕ. ಆದರೆ ಒಂದು ರಾತ್ರಿ ಕಿವಿಗೊಟ್ಟು ಕೇಳಿ. ಗೊರಕೆ ಏರುತ್ತಾ ಹೋಗಿ ಇದ್ದಕ್ಕಿದ್ದಂತೆ ನಿಲ್ಲುತ್ತೆ. ಹತ್ತು ಹದಿನೈದು ಸೆಕೆಂಡ್ ಸದ್ದೇ ಇಲ್ಲ. ಆಮೇಲೆ ಏದುಸಿರು ಬಿಟ್ಟು ಮತ್ತೆ ಶುರು. ಹೀಗಾಗ್ತಿದ್ರೆ ಅದು ಒಳ್ಳೆ ನಿದ್ದೆ ಅಲ್ಲ, ಆ ಮೌನದಲ್ಲಿ ಉಸಿರೇ ನಿಂತಿರಬಹುದು. ಇದೇ ಸ್ಲೀಪ್ ಅಪ್ನಿಯಾ.

ನಿದ್ದೆಯಲ್ಲಿ ಸ್ನಾಯುಗಳು ಸಡಿಲವಾಗ್ತವೆ. ನಾಲಿಗೆ ಹಿಂದಕ್ಕೆ ಜಾರಿ ಗಂಟಲಿನ ದಾರಿ ಮುಚ್ಚಿಕೊಳ್ಳುತ್ತೆ. ರಕ್ತದಲ್ಲಿ ಆಮ್ಲಜನಕ ಇಳಿದಾಗ ಮೆದುಳು ಒಂದು ಕ್ಷಣ ಎಚ್ಚರಾಗಿ ಉಸಿರು ಎಳೆಸುತ್ತೆ. ಮಲಗಿದವರಿಗೆ ಇದ್ಯಾವುದೂ ನೆನಪಿರಲ್ಲ. ಗಂಟೆಗೆ 5ರಿಂದ 15 ಸಲ ಹೀಗಾದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, 30 ದಾಟಿದರೆ ತೀವ್ರ. ಫಲ? ಹಗಲಿಡೀ ತೂಕಡಿಕೆ, ಬಿಪಿ, ಸ್ಟೀರಿಂಗ್ ಹಿಡಿದವರಾದ್ರೆ ಅಪಘಾತದ ಭಯ.

ಇದಕ್ಕೆ ಹಲ್ಲಿನ ಡಾಕ್ಟರ್ ಹತ್ತಿರ ಒಂದು ಉಪಾಯ ಇದೆ: ರಾತ್ರಿ ಹಾಕಿಕೊಳ್ಳೋ ಒಂದು ಸಾಧನ, ಕೆಳದವಡೆಯನ್ನ ಕೆಲವು ಮಿಲಿಮೀಟರ್ ಮುಂದೆ ಹಿಡಿದಿಡುತ್ತೆ. ಇಷ್ಟೇ. ಇಷ್ಟು ಸರಳವಾದದ್ದು ಸ್ಲೀಪ್ ಅಪ್ನಿಯಾಗೆ ಬಳಕೆಗೆ ಬರೋಕೆ ನೂರು ವರ್ಷಕ್ಕೂ ಹೆಚ್ಚು ಯಾಕೆ ಬೇಕಾಯ್ತು? ಅದೇ ಇವತ್ತಿನ ಕಥೆ.

2/6
ಕಥೆ ಶುರುವಾಗೋದು ಆಪರೇಷನ್ ಟೇಬಲ್ ಮೇಲೆ. 1847ರಲ್ಲಿ ಎಡಿನ್‌ಬರೋದ ಸಿಂಪ್ಸನ್ ಕ್ಲೋರೋಫಾರ್ಮ್ ಬಳಕೆಗೆ ತಂದರು. ನೋವಿಲ್ಲದ ಶಸ್ತ್ರಚಿಕಿತ್ಸೆ ಬಂತು, ಜೊತೆಗೇ ಟೇಬಲ್ ಮೇಲೆ ಸಾವುಗಳೂ ಬಂದವು. ಹೃದಯ ಮೊದಲು ನಿಲ್ಲುತ್ತೋ, ಉಸಿರು ಮೊದಲು ನಿಲ್ಲುತ್ತೋ ಅಂತ ದಶಕಗಟ್ಟಲೆ ಜಗಳ. ಈ ಜಗಳಕ್ಕೆ ನಮ್ಮ ಕಡೆಯ ನಂಟೂ ಇದೆ. 1888 ಮತ್ತು 1889ರಲ್ಲಿ ಹೈದರಾಬಾದಿನ ನಿಜಾಮರ ಹಣದಲ್ಲಿ ಎರಡು ಕ್ಲೋರೋಫಾರ್ಮ್ ಕಮಿಷನ್‌ಗಳು ನಡೆದವು. ಬೀದರ್, ಕಲಬುರಗಿ, ರಾಯಚೂರು ಆಗ ಅದೇ ಸಂಸ್ಥಾನದಲ್ಲಿದ್ದವು. ಅಲ್ಲಿನ ಸರ್ಜನ್ ಎಡ್ವರ್ಡ್ ಲಾರಿ ಅವರ ವಾದ ಒಂದೇ: ನಾಡಿ ಅಲ್ಲ, ಉಸಿರು ನೋಡಿ. ಹೃದಯಕ್ಕೆ ಅಪಾಯವೇ ಇಲ್ಲ ಅನ್ನೋ ಅವರ ಮಾತು ಮುಂದೆ ತಪ್ಪಾಯ್ತು, ಆದರೆ ಉಸಿರಿನ ಮೇಲೆ ಕಣ್ಣಿಡಬೇಕು ಅನ್ನೋದು ಉಳಿಯಿತು.

ಅದಕ್ಕೂ ಮೊದಲೇ, 1870ರ ದಶಕದಲ್ಲಿ, ನಾರ್ವೆಯ ಹೈಬರ್ಗ್ ಮತ್ತು ಜರ್ಮನಿಯ ಎಸ್ಮಾರ್ಕ್ ಒಂದು ಕೈಚಳಕ ಹೇಳಿಕೊಟ್ಟಿದ್ದರು. ಮತ್ತಿನಲ್ಲಿದ್ದವರ ಉಸಿರು ಕಟ್ಟಿದರೆ ಕೆಳದವಡೆಯ ಮೂಲೆ ಹಿಡಿದು ಮುಂದಕ್ಕೆ ತಳ್ಳಿ. ನಾಲಿಗೆ ದವಡೆಗೆ ಅಂಟಿಕೊಂಡಿರೋದರಿಂದ ಅದೂ ಜೊತೆಗೆ ಮುಂದೆ ಬರುತ್ತೆ, ದಾರಿ ತೆರೆಯುತ್ತೆ. ಫಸ್ಟ್ ಏಡ್ ತರಬೇತಿಯಲ್ಲಿ ಇವತ್ತಿಗೂ ಕಲಿಸೋ ಜಾ ಥ್ರಸ್ಟ್ ಇದೇ.

ಅಂದ್ರೆ ಉತ್ತರ ಆಗಲೇ ಕೈಯಲ್ಲಿತ್ತು. ಆದರೆ ಮಾಮೂಲಿ ನಿದ್ದೆಯಲ್ಲೂ ಹೀಗೇ ಆಗಬಹುದು ಅನ್ನೋ ಪ್ರಶ್ನೆ ಇನ್ನೂ ಹುಟ್ಟಿರಲಿಲ್ಲ.

3/6
ಉತ್ತರದ ಹತ್ತಿರಕ್ಕೆ ಮೊದಲು ಬಂದವರು ಪ್ಯಾರಿಸ್ಸಿನ ಬಾಯಿ-ಹಲ್ಲಿನ ವೈದ್ಯ ಪಿಯರ್ ರೋಬಿನ್. ‘ಪಿಯರ್ ರೋಬಿನ್ ಸೀಕ್ವೆನ್ಸ್’ ಅಂತ ನಾವು ಪರೀಕ್ಷೆಗೆ ಬಾಯಿಪಾಠ ಮಾಡ್ತೀವಲ್ಲ, ಅದೇ ರೋಬಿನ್. ಕೆಳದವಡೆ ತುಂಬ ಚಿಕ್ಕದಾಗಿ ಹುಟ್ಟಿದ ಮಕ್ಕಳಲ್ಲಿ ನಾಲಿಗೆ ಹಿಂದಕ್ಕೆ ಬಿದ್ದು ಉಸಿರು ಕಟ್ಟೋದನ್ನ ಅವರು 1923ರಲ್ಲಿ ವಿವರಿಸಿದರು. 1902ರಲ್ಲೇ ಮೊನೊಬ್ಲಾಕ್ ಅನ್ನೋ ಸಾಧನದ ಬಗ್ಗೆ ಬರೆದಿದ್ದರು. ಮೇಲಿನ ಮತ್ತು ಕೆಳಗಿನ ಹಲ್ಲುಗಳನ್ನ ಒಂದೇ ತುಂಡಿನಲ್ಲಿ ಹಿಡಿದು ದವಡೆಯನ್ನ ಮುಂದೆ ನಿಲ್ಲಿಸೋ ಸಾಧನ ಅದು. ಇವತ್ತಿನ ಸ್ಲೀಪ್ ಅಪ್ಲೈಯನ್ಸ್‌ಗಳಿಗೆ ಅಜ್ಜ ಅಂತಲೇ ಹೇಳಬಹುದು. ಆದರೆ ಮುಂದಿನ ಪೀಳಿಗೆಯ ಹಲ್ಲಿನ ವೈದ್ಯರು ಈ ಐಡಿಯಾನ ಮುಖ್ಯವಾಗಿ ಮಕ್ಕಳ ದವಡೆ ಬೆಳೆಸೋಕೆ, ಹಲ್ಲು ಸರಿಮಾಡೋಕೆ ಬಳಸಿದರು. ಉಸಿರಿನ ಮಾತು ಹಿಂದೆ ಸರಿಯಿತು.

4/6
ಅತ್ತ ದೊಡ್ಡವರ ಕಥೆ ಕೇಳಿ. 1836-37ರಲ್ಲಿ ಡಿಕನ್ಸ್ ಬರೆದ ‘ಪಿಕ್‌ವಿಕ್ ಪೇಪರ್ಸ್’ನಲ್ಲಿ ಜೋ ಅನ್ನೋ ದಪ್ಪ ಹುಡುಗ ಬರ್ತಾನೆ, ಎಲ್ಲಿ ನಿಂತರೂ ನಿದ್ದೆ. ಓದುಗರು ನಕ್ಕರು. 1956ರಲ್ಲಿ ಅಮೆರಿಕದ ಬರ್ವೆಲ್ ಮತ್ತು ಸಂಗಡಿಗರು ಅಂಥದ್ದೇ ಒಬ್ಬ ರೋಗಿಯ ಬಗ್ಗೆ ಬರೆದರು. ಇಸ್ಪೀಟಿನ ಪೋಕರ್ ಆಟದಲ್ಲಿ ಭರ್ಜರಿ ಎಲೆ ಕೈಯಲ್ಲಿದ್ದಾಗಲೇ ಆ ಮನುಷ್ಯ ನಿದ್ದೆ ಹೋಗಿಬಿಟ್ಟಿದ್ದ! ಡಿಕನ್ಸ್ ನೆನಪಿಗೆ ಇದಕ್ಕೆ ‘ಪಿಕ್‌ವಿಕಿಯನ್ ಸಿಂಡ್ರೋಮ್’ ಅಂತ ಹೆಸರಿಟ್ಟರು. ಆದರೆ ತೂಕಡಿಕೆಗೆ ಕಾರಣ ರಕ್ತದಲ್ಲಿ ಹೆಚ್ಚಾದ ಇಂಗಾಲದ ಡೈಆಕ್ಸೈಡ್ ಅಂದುಕೊಂಡರು. ಆತ ಮಲಗಿದಾಗ ಏನಾಗುತ್ತೆ ಅಂತ ರಾತ್ರಿ ಪೂರ್ತಿ ನೋಡಲಿಲ್ಲ.

ನೋಡಿದ್ದು 1965ರಲ್ಲಿ. ಫ್ರಾನ್ಸಿನ ಗಾಸ್ತೋ ತಂಡ, ಜರ್ಮನಿಯ ಯುಂಗ್ ಮತ್ತು ಕೂಲೋ ಬೇರೆ ಬೇರೆಯಾಗಿ ಇಂಥ ರೋಗಿಗಳ ನಿದ್ದೆಯನ್ನ ಯಂತ್ರದಲ್ಲಿ ದಾಖಲಿಸಿದರು. ಉಸಿರು ಪದೇ ಪದೇ ನಿಲ್ಲೋದು ಆಗ ಕಾಗದದ ಮೇಲೆ ಬಂತು. 1970ರ ದಶಕದಲ್ಲಿ ಸ್ಟ್ಯಾನ್‌ಫರ್ಡ್‌ನ ಗಿಲ್ಲೆಮಿನೋ ಮತ್ತು ಜೊತೆಗಾರರು ಇದು ದಪ್ಪಗಿರೋರಿಗೆ ಮಾತ್ರ ಬರೋದಲ್ಲ ಅಂತ ತೋರಿಸಿ, ‘ಸ್ಲೀಪ್ ಅಪ್ನಿಯಾ ಸಿಂಡ್ರೋಮ್’ ಅನ್ನೋ ಹೆಸರನ್ನ ನೆಲೆಗೊಳಿಸಿದರು.

5/6
ರೋಗ ಗೊತ್ತಾಯ್ತು, ಚಿಕಿತ್ಸೆ? ಮೊದಲು ಸಿಕ್ಕಿದ್ದು ಗಂಟಲಿಗೆ ತೂತು. 1969ರಲ್ಲಿ ಕೂಲೋ ತಂಡ ಇದನ್ನ ವರದಿ ಮಾಡಿತು. ಹಗಲು ಬಿರಡೆ ಹಾಕಿಕೊಳ್ಳೋದು, ರಾತ್ರಿ ತೆಗೆದು ಅದರಲ್ಲೇ ಉಸಿರಾಡೋದು. ಜೀವ ಉಳೀತಿತ್ತು, ಆದ್ರೆ ಯೋಚಿಸಿ, ಆ ಬದುಕು ಹೇಗಿದ್ದಿರಬಹುದು?

1981ರಲ್ಲಿ ಸಿಡ್ನಿಯ ಕಾಲಿನ್ ಸಲ್ಲಿವನ್ ಮೂಗಿನ ಮೂಲಕ ಒತ್ತಡದಲ್ಲಿ ಗಾಳಿ ಕೊಡೋ ಸಿಪ್ಯಾಪ್ ಬಗ್ಗೆ ಪ್ರಕಟಿಸಿದರು. ಇದು ಎಲ್ಲವನ್ನೂ ಬದಲಿಸಿತು. 1982ರಲ್ಲಿ ಷಿಕಾಗೋದ ಕಾರ್ಟ್‌ರೈಟ್ ಮತ್ತು ಸ್ಯಾಮೆಲ್ಸನ್ ನಾಲಿಗೆಯನ್ನ ಮುಂದೆ ಹಿಡಿದಿಡೋ ಸಾಧನದ ಫಲಿತಾಂಶ ಕೊಟ್ಟರು. 1984ರಲ್ಲಿ ಜರ್ಮನಿಯ ಮೈಯರ್-ಎವರ್ಟ್ ತಂಡ ಕೆಳದವಡೆ ಮುಂದೆ ತರೋ ಸಾಧನ ವರದಿ ಮಾಡಿತು. ಅದಕ್ಕೆ ಸಿಕ್ಕ ಹೆಸರು ‘ಎಸ್ಮಾರ್ಕ್ ಪ್ರೋಸ್ಥೆಸಿಸ್’! ಕ್ಲೋರೋಫಾರ್ಮ್ ಕಾಲದ ಕೈಚಳಕವನ್ನ ಅಕ್ರಿಲಿಕ್‌ಗೆ ಇಳಿಸಲು ನೂರಕ್ಕೂ ಹೆಚ್ಚು ವರ್ಷ ಹಿಡೀತು. 1995ರಲ್ಲಿ ಅಮೆರಿಕದ ನಿದ್ರಾ ವೈದ್ಯರ ಸಂಘವೂ ಇಂಥ ಸಾಧನಗಳ ಬಳಕೆಗೆ ಮಾರ್ಗಸೂಚಿ ಕೊಟ್ಟಿತು.

6/6
ಹಾಗಾದ್ರೆ ಇವತ್ತು ಯಾವುದು ಮೇಲು? ಉಸಿರು ನಿಲ್ಲೋದನ್ನ ಕಡಿಮೆ ಮಾಡೋದರಲ್ಲಿ ಸಿಪ್ಯಾಪ್ಪೇ ಮುಂದು. ಆದರೆ ಮಾಸ್ಕ್ ಹಾಕಿ ಮಲಗೋಕೆ ಆಗಲ್ಲ ಅಂತ ಬೀರುವಿನಲ್ಲಿ ಇಟ್ಟುಬಿಡೋರು ಬಹಳ. ಹಲ್ಲಿನ ಸಾಧನ ಅಷ್ಟು ಬಲವಾದದ್ದಲ್ಲ, ಆದರೆ ಜನ ಅದನ್ನ ಹೆಚ್ಚು ಹೊತ್ತು ಹಾಕಿಕೊಳ್ತಾರೆ. 2013ರಲ್ಲಿ ಸಿಡ್ನಿಯ ಸಂಶೋಧಕರು ಎರಡನ್ನೂ ಒಂದೊಂದು ತಿಂಗಳು ಹೋಲಿಸಿ ನೋಡಿದಾಗ ಬಿಪಿ, ಹಗಲಿನ ತೂಕಡಿಕೆಯಂಥ ವಿಷಯಗಳಲ್ಲಿ ಫಲ ಹೆಚ್ಚುಕಡಿಮೆ ಸಮ ಬಂತು. ಪೆಟ್ಟಿಗೆಯಲ್ಲಿರೋ ಒಳ್ಳೆ ಮಷಿನ್‌ಗಿಂತ ಬಾಯಲ್ಲಿರೋ ಸಾಧಾರಣ ಸಾಧನ ವಾಸಿ, ಅಲ್ವಾ?

ಹಾಗಂತ ಆನ್‌ಲೈನ್‌ನಲ್ಲಿ ಗೊರಕೆ ಕ್ಲಿಪ್ ತರಿಸಿ ಅಪ್ಪನ ಕೈಗೆ ಕೊಡಬೇಡಿ. ಗೊರಕೆಯ ಸದ್ದು ಕಡಿಮೆಯಾಗಿಯೂ ಉಸಿರು ನಿಲ್ಲೋದು ಒಳಗೊಳಗೇ ಮುಂದುವರಿಯಬಹುದು. ಮೊದಲು ಸ್ಲೀಪ್ ಸ್ಟಡಿ, ರೋಗ ಹೌದೋ ಅಲ್ವೋ ಹೇಳೋದು ವೈದ್ಯರು. ಆಮೇಲೆ ಹಲ್ಲಿನ ಡಾಕ್ಟರ್ ಅಳತೆ ತೆಗೆದು, ದವಡೆಯನ್ನ ಸ್ವಲ್ಪ ಸ್ವಲ್ಪವೇ ಮುಂದೆ ತರ್ತಾರೆ. ಗಟ್ಟಿ ಹಲ್ಲುಗಳು ಸಾಕಷ್ಟಿರಬೇಕು. ಜೊಲ್ಲು, ದವಡೆ ನೋವು, ವರ್ಷಗಳ ಮೇಲೆ ಹಲ್ಲು ಕೂಡೋ ರೀತಿಯಲ್ಲಿ ಬದಲಾವಣೆ ಆಗಬಹುದು, ಹಾಗಾಗಿ ಆಗಾಗ ತೋರಿಸ್ತಾ ಇರಬೇಕು.

ಈ ಇತಿಹಾಸದಲ್ಲಿ ತಡವಾಗಿದ್ದು ಸಾಧನ ಇಲ್ಲ ಅಂತಲ್ಲ. ಮಲಗಿದವರನ್ನ ಕೂತು ನೋಡಿದವರು ಇರಲಿಲ್ಲ ಅಂತ. ಆ ಕೆಲಸ ನೀವು ಮಾಡಬಹುದು. ಮನೇಲಿ ಗೊರಕೆ ಹೊಡೆಯೋರು ಇದ್ರೆ ಇವತ್ತು ರಾತ್ರಿ ಐದು ನಿಮಿಷ ಕೇಳಿ, ಮೌನದ ಸೆಕೆಂಡುಗಳನ್ನ ಎಣಿಸಿ. ಹತ್ತು ದಾಟಿದರೆ ನಗಬೇಡಿ, ಡಾಕ್ಟರ್ ಹತ್ತಿರ ಕರ್ಕೊಂಡು ಹೋಗಿ.

#ಹಲ್ಲಿನಹಿಸ್ಟರಿ #ಗೊರಕೆ #ಸ್ಲೀಪ್‌ಅಪ್ನಿಯಾ #ಕನ್ನಡದಲ್ಲಿವಿಜ್ಞಾನ