ಪಾಯದ ನೀರು

ಬಾವಿ ತೋಡುವವನಿಗೆ ಒರತೆ ಕಂಡರೆ ಹಬ್ಬ. ಪಾಯ ತೋಡುವವನಿಗೆ ಅದೇ ಒರತೆ ಕಂಟಕ. ಮಂಡ್ಯ ಸೀಮೆಯ ನೀರಾವರಿಯ ಚರಿತ್ರೆಯನ್ನು ಹೇಳುವಾಗ ಗದ್ದೆಗೆ ಬಂದ ನೀರನ್ನು ನಾವು ನೆನೆಯುತ್ತೇವೆ. ಅದಕ್ಕೂ ಮೊದಲು ಗುಂಡಿಯಿಂದ ನೀರನ್ನು ಹೊರಗಿಟ್ಟವರನ್ನು ಮರೆಯುತ್ತೇವೆ.

ಕನ್ನಂಬಾಡಿಯ ಕಟ್ಟೆಯ ಕೆಲಸ ಮೊದಲಾದುದು ೧೯೧೧ರ ನವೆಂಬರಿನಲ್ಲಿ. ಎಂ. ವಿಶ್ವೇಶ್ವರಯ್ಯನವರು ಆಗ ಮೈಸೂರಿನ ಮುಖ್ಯ ಎಂಜಿನಿಯರು. ಆ ತಿಂಗಳನ್ನು ಗಮನಿಸಬೇಕು. ಮುಂಗಾರಿನಲ್ಲಿ ಕೊಡಗಿನ ಮಳೆಯಿಂದ ಉಕ್ಕುವ ಕಾವೇರಿ ಆ ಹೊತ್ತಿಗೆ ಇಳಿಮುಖಳಾಗಿರುತ್ತಾಳೆ. ಹೊಳೆಯ ಪಾತ್ರದಲ್ಲಿ ಗಟ್ಟಿ ಬಂಡೆಯವರೆಗೆ ಅಗೆಯಬೇಕಾದವರಿಗೆ ಮುಂದಿನ ಜೂನಿನವರೆಗೆ ಮಾತ್ರ ಗಡುವು. ಅಷ್ಟರೊಳಗೆ ಹರಿವನ್ನು ಬದಿಗೆ ಸರಿಸಬೇಕು, ಒಸರಿದುದನ್ನು ಎತ್ತಿ ಚೆಲ್ಲಬೇಕು, ನೆರೆ ಬರುವ ಮುನ್ನ ಕಟ್ಟಡವನ್ನು ಮೇಲಕ್ಕೆ ತರಬೇಕು. ಕಟ್ಟೆ ಮುಗಿಯಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು.

ಇರ್ವಿನ್ ನಾಲೆ, ಈಗಿನ ವಿಶ್ವೇಶ್ವರಯ್ಯ ನಾಲೆ, ಹುಲಿಕೆರೆಯ ಬಳಿ ಸುಮಾರು ೨.೮ ಕಿಲೋಮೀಟರ್ ಸುರಂಗವನ್ನು ಹಾಯ್ದು ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ನೀರು ತಂದಿತು. ಬಂದ ನೀರು ಗದ್ದೆಯಲ್ಲಿ ಮಾತ್ರ ನಿಲ್ಲಲಿಲ್ಲ, ನೆಲದೊಳಕ್ಕೂ ಇಳಿಯಿತು. ನಾನು ಪಾಠ ಹೇಳುವ ಈ ಊರಿನಲ್ಲಿ, ನಾಲೆಗೆ ನೀರು ಬಿಟ್ಟ ಕಾಲದಲ್ಲಿ ತಗ್ಗಿನ ಕಡೆ ಪಾಯ ತೆಗೆದರೆ ಮೊಳಕಾಲುದ್ದಕ್ಕೇ ಜೌಗು ಕಾಣುವುದನ್ನು ನೋಡಿದ್ದೇನೆ.

ಇದು ಬರಿಯ ಕಿರಿಕಿರಿಯ ಮಾತಲ್ಲ, ಪ್ರಾಣದ ಮಾತು. ನೆನೆದ ಮಣ್ಣಿನ ಭಾರ ಹೆಚ್ಚುತ್ತದೆ, ಹಿಡಿತ ಸಡಿಲುತ್ತದೆ. ಒಂದು ಘನಮೀಟರ್ ಮಣ್ಣು ಒಂದೂವರೆ ಟನ್ನಿಗೂ ಮೀರಿ ತೂಗುತ್ತದೆ; ಎದೆಯವರೆಗೆ ಹೂತರೂ ಉಸಿರು ಕಟ್ಟುತ್ತದೆ. ಪಂಪು ಹಚ್ಚಿದರೆ ಸಾಕೆಂದು ತಿಳಿಯಲಾಗದು. ಭರದಿಂದ ಎಳೆದರೆ ನೀರಿನೊಡನೆ ಬುಡದ ಮರಳೂ ಹೊರಟು ಗೋಡೆ ಕುಸಿಯುತ್ತದೆ. ಮೂಲೆಯಲ್ಲೊಂದು ಕುಣಿ ತೋಡಿ ನೀರನ್ನು ಅಲ್ಲಿಗೆ ಹರಿಸಿ ಎತ್ತಬೇಕು. ಮಳೆನೀರು ನುಗ್ಗದಂತೆ ಸುತ್ತ ಬದು ಹಾಕಬೇಕು. ಅಗೆದ ಮಣ್ಣನ್ನು ಅಂಚಿನಿಂದ ದೂರ ಸುರಿಯಬೇಕು. ಪಕ್ಕಗಳನ್ನು ಇಳಿಜಾರು ಮಾಡಬೇಕು, ಇಲ್ಲವೇ ಹಲಗೆಯಿಟ್ಟು ಅಡ್ಡಮರ ಕೊಡಬೇಕು. ಮಳೆ ನಿಂತ ಮೇಲೆ ಪರೀಕ್ಷಿಸದೆ ಯಾರನ್ನೂ ಇಳಿಸಬಾರದು. ಭಾರತೀಯ ಮಾನಕ ಸಂಸ್ಥೆ ಅಗೆತದ ಸುರಕ್ಷತೆಗೆಂದು ನಿಯಮಾವಳಿಯನ್ನು ೧೯೬೬ರಲ್ಲಿಯೇ ಹೊರತಂದಿತು. ಬೀದಿಯಲ್ಲಿ ಕೊಳವೆ ಹೂಳುವ ಕಡೆ ಹಲಗೆ ಕಾಣುವುದು ಇಂದಿಗೂ ಅಪರೂಪ.

ಕನ್ನಂಬಾಡಿಯಲ್ಲಿ ಟಿಪ್ಪು ಸುಲ್ತಾನನ ಕಾಲದ ಪಾರಸೀ ಶಾಸನವೊಂದಿದೆ. ಅಲ್ಲಿ ಕಟ್ಟೆ ಕಟ್ಟಬೇಕೆಂಬ ಅರಸನ ಸಂಕಲ್ಪವನ್ನು ಅದು ಉಳಿಸಿದೆ. ಗುಂಡಿಗೆ ಇಳಿಯುವವನು ಶಾಸನವನ್ನು ಕೇಳುವುದಿಲ್ಲ. ಸಂಜೆ ಮೇಲೆ ಹತ್ತಿ ಬರುವಂತೆ ನಾಲ್ಕು ಹಲಗೆ, ಒಂದು ಏಣಿ ಕೊಟ್ಟರೆ ಅದು ಉಪಕಾರವೂ ಅಲ್ಲ. ಕೂಲಿಯಷ್ಟೇ ಅವನಿಗೆ ಸಲ್ಲಬೇಕಾದ ಬಾಕಿ.