ವೆಲ್ಸ್: ಬಿಷಪ್ಪರ ನೀರು, ಊರಿನ ಋಣ

ಇಂಗ್ಲೆಂಡಿನ ನೈರುತ್ಯ ಭಾಗದ ಸಾಮರ್‌ಸೆಟ್ ಪ್ರಾಂತದಲ್ಲಿ ವೆಲ್ಸ್ ಎಂಬ ಊರಿದೆ. ಜನಸಂಖ್ಯೆ ಸುಮಾರು 11 ಸಾವಿರ. ಊರಿನ ಹಳೆಯ ಭಾಗವನ್ನು ಕಾಲ್ನಡಿಗೆಯಲ್ಲಿಯೇ ಸುತ್ತಿ ಮುಗಿಸಬಹುದು. ಆದರೂ ಇದು ಪಟ್ಟಣವಲ್ಲ, ‘ಸಿಟಿ’. ಲಂಡನ್ ಮಹಾನಗರದೊಳಗೇ ಅಡಗಿರುವ ‘ಸಿಟಿ ಆಫ್ ಲಂಡನ್’ ಒಂದನ್ನು ಬಿಟ್ಟರೆ ಇಂಗ್ಲೆಂಡಿನ ಅತ್ಯಂತ ಚಿಕ್ಕ ನಗರ ಇದೇ. ಬಿಷಪ್ಪನ ಪೀಠವಿರುವ ಇಗರ್ಜಿಯನ್ನು ಕೆಥೆಡ್ರಲ್ ಎನ್ನುತ್ತಾರೆ. ಅಂಥ ಪೀಠವಿದ್ದ ಊರು ಎಷ್ಟೇ ಸಣ್ಣದಾದರೂ ಅದನ್ನು ನಗರವೆಂದು ಗೌರವಿಸುವುದು ಆ ದೇಶದ ಹಳೆಯ ರೂಢಿ.

ಪೀಠಕ್ಕಿಂತ ಮೊದಲು ಇಲ್ಲಿ ಇದ್ದದ್ದು ನೀರು. ಊರಿನ ಹೆಸರಿನ ಅರ್ಥವೇ ‘ಚಿಲುಮೆಗಳು’. ಉತ್ತರಕ್ಕಿರುವ ಮೆಂಡಿಪ್ ಬೆಟ್ಟಸಾಲು ಸುಣ್ಣಕಲ್ಲಿನದು. ಅಲ್ಲಿ ಬಿದ್ದ ಮಳೆ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬಿರುಕುಗಳಲ್ಲಿ ಇಂಗಿ, ನೆಲದಡಿಯ ಗವಿಗಳಲ್ಲಿ ಹರಿದು, ಬೆಟ್ಟದ ಬುಡದಲ್ಲಿ ಮತ್ತೆ ಬೆಳಕಿಗೆ ಬರುತ್ತದೆ. ಊರಿನಿಂದ ಮೂರು ಕಿಲೋಮೀಟರು ದೂರದ ವೂಕಿ ಹೋಲ್ ಗವಿಗಳಿಗೆ ಹೋದವರು ಇಂಥದೇ ಒಂದು ಹೊಳೆಯನ್ನು ಬೆಟ್ಟದ ಹೊಟ್ಟೆಯೊಳಗೇ ನೋಡಬಹುದು. ವೆಲ್ಸ್‌ನಲ್ಲಿ ಆ ನೀರು ಉಕ್ಕುವುದು ಈಗಿನ ಬಿಷಪ್ ಅರಮನೆಯ ತೋಟದಲ್ಲಿ, ಸಂತ ಆಂಡ್ರ್ಯೂನ ಬಾವಿ ಎಂದು ಕರೆಯುವ ಕೊಳದಲ್ಲಿ.

ಕ್ರಿ.ಶ. 705ರ ಹೊತ್ತಿಗೆ ಅರಸ ಐನಿ ಇಲ್ಲೊಂದು ಇಗರ್ಜಿ ಕಟ್ಟಿಸಿದನೆಂದು ಪ್ರತೀತಿ. 909ರಲ್ಲಿ ಬಿಷಪ್ಪನ ಪೀಠ ಬಂತು. 1090ರ ಸುಮಾರಿಗೆ ಆಗಿನ ಬಿಷಪ್ ಪೀಠವನ್ನು ಹೆಚ್ಚು ಸಿರಿವಂತ ಊರಾದ ಬಾತ್‌ಗೆ ಸಾಗಿಸಿಬಿಟ್ಟ. ಕಳೆದುಕೊಂಡ ಮಾನ ಮರಳಿ ಪಡೆಯಲು ವೆಲ್ಸ್‌ನವರು ಒಂದೂವರೆ ಶತಮಾನ ಹಟ ಹಿಡಿದರು. ಸುಮಾರು 1175ರಿಂದ ಈಗಿನ ಕೆಥೆಡ್ರಲ್ ಏಳತೊಡಗಿತು. 1245ರಲ್ಲಿ ಪೋಪ್ ರಾಜಿ ಮಾಡಿಸಿ, ಬಿಷಪ್ಪನಿಗೆ ‘ಬಾತ್ ಮತ್ತು ವೆಲ್ಸ್’ ಎಂಬ ಜೋಡಿ ಬಿರುದು ಕೊಟ್ಟ. ಅದು ಇಂದಿಗೂ ಉಳಿದಿದೆ.

ಆದರೆ ಬಿಷಪ್ಪನನ್ನು ಬಯಸಿದ ಊರಿಗೂ ಬಂದ ಬಿಷಪ್ಪನಿಗೂ ಸರಿಹೊಂದಲಿಲ್ಲ. ಬಿಷಪ್ ಎಂದರೆ ಬರೀ ಗುರುವಲ್ಲ, ಊರಿನ ಒಡೆಯನೂ ಹೌದು. ಸಂತೆಯ ಸುಂಕ ಅವನದು, ನ್ಯಾಯಸ್ಥಾನ ಅವನದು. 1341ರಲ್ಲಿ ಊರಿನ ವ್ಯಾಪಾರಿಗಳು ಅವನನ್ನು ಬಳಸಿಕೊಂಡು ಹೋಗಿ, ನೇರವಾಗಿ ಅರಸ ಮೂರನೆಯ ಎಡ್ವರ್ಡನಿಂದಲೇ ಸನ್ನದು ಬರೆಸಿಕೊಂಡರು. ಆಗಿನ ಬಿಷಪ್ ರಾಲ್ಫ್ ಆಫ್ ಶ್ರೂಸ್‌ಬರಿ ನ್ಯಾಯಾಲಯಕ್ಕೆ ಹೋಗಿ ಅದನ್ನು ರದ್ದು ಮಾಡಿಸಿದ. ಇದೇ ವರ್ಷಗಳಲ್ಲಿ ಅವನು ಅರಮನೆಯ ಸುತ್ತ ಕೋಟೆಗೋಡೆ ಎತ್ತಿಸಿ, ಕಂದಕ ತೋಡಿಸಿ, ಚಿಲುಮೆಗಳ ನೀರನ್ನು ಅದಕ್ಕೆ ತಿರುಗಿಸಿದ. ಬಾಗಿಲಿಗೆ ಎತ್ತಿ ಇಳಿಸುವ ಸೇತುವೆ. ದಾಳಿ ಮಾಡಲು ಬರುವ ಪರದೇಶದ ಸೈನ್ಯ ಯಾವುದೂ ಹತ್ತಿರದಲ್ಲಿರಲಿಲ್ಲ. ಕುರಿಗಳನ್ನು ಕಾಯಬೇಕಾದ ಕುರುಬ ಕುರಿಗಳಿಗೇ ಹೆದರಿ ಬೇಲಿ ಹಾಕಿಕೊಂಡ ಕಥೆ ಇದು.

ರಾಲ್ಫ್‌ನನ್ನು ಖಳನನ್ನಾಗಿ ಮಾಡುವುದೂ ಸುಲಭವಲ್ಲ. 1349ರಲ್ಲಿ ಪ್ಲೇಗು ಬಂದು ಪಾದ್ರಿಗಳೇ ಸಾಯತೊಡಗಿದಾಗ, ಸಾಯುವವರು ಪಾದ್ರಿ ಸಿಗದಿದ್ದರೆ ಯಾರ ಮುಂದಾದರೂ, ಗಂಡಸು ಇಲ್ಲದಿದ್ದರೆ ಹೆಂಗಸಿನ ಮುಂದಾದರೂ ಪಾಪನಿವೇದನೆ ಮಾಡಿಕೊಳ್ಳಬಹುದೆಂದು ಅಪ್ಪಣೆ ಹೊರಡಿಸಿದವನು ಇವನೇ. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಕಂದಕದ ನೀರು ಊರಿಗೆ ಬಂದದ್ದು ಇನ್ನೊಂದು ನೂರು ವರ್ಷದ ಮೇಲೆ. 1443ರಲ್ಲಿ ಬಿಷಪ್ಪನಾದ ಥಾಮಸ್ ಬೆಕಿಂಗ್‌ಟನ್ ಅರಸ ಆರನೆಯ ಹೆನ್ರಿಯ ಕಾರ್ಯದರ್ಶಿಯಾಗಿದ್ದವನು, ಲೋಕ ಬಲ್ಲವನು. 1451ರಲ್ಲಿ ಅವನು ಅರಮನೆಯ ಚಿಲುಮೆಯ ಬಳಿ ಚಿಕ್ಕ ನೀರುಮನೆ ಕಟ್ಟಿಸಿ, ಅಲ್ಲಿಂದ ಕೊಳವೆ ಹಾಕಿಸಿ, ಪೇಟೆಚೌಕಕ್ಕೆ ನೀರು ಹರಿಸಿದ. ಪ್ರತಿಯಾಗಿ ಅವನು ಹಣ ಕೇಳಲಿಲ್ಲ. ನಗರದ ಹಿರಿಯರು ವರ್ಷಕ್ಕೊಮ್ಮೆ ತನ್ನ ಸಮಾಧಿಯ ಬಳಿ ಬಂದು ತನ್ನ ಆತ್ಮಕ್ಕಾಗಿ ಪ್ರಾರ್ಥಿಸಬೇಕು ಎಂಬುದಷ್ಟೇ ಷರತ್ತು. ಲೆಕ್ಕಾಚಾರದ ದಾನ ಎನ್ನಬಹುದು. ಆದರೆ ಹೆಚ್ಚಿ ಹರಿದ ಆ ನೀರು ಇಂದಿಗೂ ಹೈ ಸ್ಟ್ರೀಟಿನ ಇಕ್ಕೆಲದ ಸಣ್ಣ ಕಾಲುವೆಗಳಲ್ಲಿ, ಅಂಗಡಿಗಳ ಮುಂದೆಯೇ, ತಿಳಿಯಾಗಿ ಓಡುತ್ತಿದೆ.

ಕೆಥೆಡ್ರಲ್‌ಗೆ ಬರುವ ಪ್ರವಾಸಿಗರು ಮೊದಲು ನಿಲ್ಲುವುದು ಪಶ್ಚಿಮದ ಮುಖಮಂಟಪದೆದುರು. 13ನೇ ಶತಮಾನದ ಸುಮಾರು 300 ಶಿಲ್ಪಗಳು ಅಲ್ಲಿ ಸಾಲುಸಾಲಾಗಿ ಉಳಿದಿವೆ. ಅರಸರು, ಸಂತರು, ಸಮಾಧಿಯಿಂದ ಏಳುತ್ತಿರುವ ಸತ್ತವರು. ಗೋಡೆಯ ಹಿಂದೆ ಒಂದು ಓಣಿಯಿದ್ದು, ಶಿಲ್ಪಗಳ ನಡುವೆ ಅಲ್ಲಲ್ಲಿ ರಂಧ್ರಗಳಿವೆ. ಹಬ್ಬದ ಮೆರವಣಿಗೆ ಬಾಗಿಲಿಗೆ ಬಂದಾಗ ಒಳಗೆ ಅವಿತ ಹುಡುಗರು ಹಾಡಿದರೆ, ಕಲ್ಲಿನ ದೇವದೂತರೇ ಹಾಡಿದಂತೆ ಹೊರಗಿನವರಿಗೆ ಕೇಳುತ್ತಿತ್ತು. 1685ರಲ್ಲಿ ಮನ್ಮತ್ ಡ್ಯೂಕನ ಬಂಡಾಯಗಾರರು ಇವುಗಳಲ್ಲಿ ಕೆಲವನ್ನು ಒಡೆದರು, ಮಾಡಿನ ಸೀಸವನ್ನು ಕಿತ್ತು ಗುಂಡು ಎರಕ ಹೊಯ್ದರು.

ಒಳಗೆ ಹೋದೊಡನೆ ಕಣ್ಣಿಗೆ ಬೀಳುವುದು ಕತ್ತರಿ ಕಮಾನು. ಒಂದು ಕಮಾನಿನ ತಲೆಯ ಮೇಲೆ ಇನ್ನೊಂದನ್ನು ತಲೆಕೆಳಗಾಗಿ ಕೂರಿಸಿದಂತಿದೆ. ಈಗಿನ ಕಾಲದ ಸೇರ್ಪಡೆಯೇನೋ ಎಂದು ಬೆರಗಾಗುವವರೂ ಉಂಟು. ಇದು ಅಲಂಕಾರವಲ್ಲ, ಊರುಗೋಲು. 14ನೇ ಶತಮಾನದ ಮೊದಲ ಭಾಗದಲ್ಲಿ ನಡುಗೋಪುರವನ್ನು ಎತ್ತರಿಸಿ, ಮೇಲೆ ಸೀಸ ಹೊದಿಸಿದ ಮರದ ಶಿಖರ ಇಟ್ಟರು. ಭಾರಕ್ಕೆ ತಳದ ನೆಲ ಕುಸಿದು, ಗೋಪುರ ಪಶ್ಚಿಮಕ್ಕೆ ವಾಲಿ, ಬಿರುಕು ಬಿಟ್ಟಿತು. 1338ರಲ್ಲಿ ವಿಲಿಯಂ ಜಾಯ್ ಎಂಬ ಶಿಲ್ಪಿ ಕೆಲಸ ಕೈಗೆತ್ತಿಕೊಂಡ. ಒಂದೆಡೆ ಬಿದ್ದಿದ್ದ ಭಾರವನ್ನು ಗಟ್ಟಿ ನೆಲದತ್ತ ಹಂಚುವ ಈ ಕಮಾನುಗಳನ್ನು ಮೂರು ಬದಿಗೆ ಕಟ್ಟಿ, ಹತ್ತು ವರ್ಷದಲ್ಲಿ ಮುಗಿಸಿದ. ಗೋಪುರ ಇಂದಿಗೂ ನಿಂತಿದೆ. ಶಿಖರ ಮಾತ್ರ 1439ರಲ್ಲಿ ಸುಟ್ಟುಹೋಯಿತು.

ದಕ್ಷಿಣದ ತೋಳಿನ ಕಂಬಗಳ ಬೋದಿಗೆಗಳನ್ನು ತಲೆಯೆತ್ತಿ ನೋಡಬೇಕು. ದ್ರಾಕ್ಷಿ ಕದ್ದವರು ಸಿಕ್ಕಿಬಿದ್ದು ಏಟು ತಿನ್ನುತ್ತಿದ್ದಾರೆ. ಒಬ್ಬ ಬಾಯಿಗೆ ಕೈಹಾಕಿ ಹಲ್ಲುನೋವಿಗೆ ಒದ್ದಾಡುತ್ತಿದ್ದಾನೆ. 1274ರಲ್ಲಿ ತೀರಿಕೊಂಡ ಬಿಷಪ್ ಎರಡನೆಯ ವಿಲಿಯಂ ಬಿಟನ್ನನ ಸಮಾಧಿಗೆ ಹಲ್ಲುನೋವಿನವರು ಹರಕೆ ಹೊತ್ತು ಬರುತ್ತಿದ್ದರಂತೆ.

ಉತ್ತರದ ತೋಳಿನಲ್ಲಿ ಸುಮಾರು 1390ರ ಗಡಿಯಾರವಿದೆ. ಅದರ ಮುಖದ ನಟ್ಟನಡುವೆ ಭೂಮಿ. ಸೂರ್ಯ ಹೊರವರ್ತುಲದಲ್ಲಿ 24 ಗಂಟೆಯ ಸುತ್ತು ಹಾಕುತ್ತಾನೆ. ಒಳಗೆ ಚಂದ್ರನ ದಿನಗಳ ಎಣಿಕೆ. ಕೋಪರ್ನಿಕಸ್ ಹುಟ್ಟುವುದಕ್ಕೆ ಇನ್ನೂ 80 ವರ್ಷವಿದ್ದ ಕಾಲದ ವಿಶ್ವ ಇದು. ಕಾಲು ಗಂಟೆಗೊಮ್ಮೆ ಮೇಲೆ ಕುದುರೆ ಸವಾರರು ಸುತ್ತುತ್ತಾರೆ, ಪ್ರತಿ ಸಲವೂ ಅದೇ ಬಡಪಾಯಿ ಏಟು ತಿಂದು ಹಿಂದಕ್ಕೆ ಬೀಳುತ್ತಾನೆ. ಮೂಲ ಯಂತ್ರ ಈಗ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ. ಇಲ್ಲಿನ ಯಂತ್ರಕ್ಕೆ 2010ರವರೆಗೂ ಕೈಯಿಂದಲೇ ಕೀಲಿ ಕೊಡುತ್ತಿದ್ದರು.

ಹೊರಗೆ, ಕೆಥೆಡ್ರಲ್‌ನ ಉತ್ತರಕ್ಕೆ, ವಿಕಾರ್ಸ್ ಕ್ಲೋಸ್ ಎಂಬ ಬೀದಿ. ಪೂಜೆಯಲ್ಲಿ ಹಾಡುವ ಗಾಯಕರು ಊರಿನ ಬಾಡಿಗೆ ಮನೆಗಳಲ್ಲಿದ್ದು ಕೆಡುತ್ತಿದ್ದಾರೆಂದು ಚಿಂತಿಸಿದ ಅದೇ ರಾಲ್ಫ್, 1348ರಲ್ಲಿ ಅವರಿಗಾಗಿ ಇದನ್ನು ಆರಂಭಿಸಿದ. ಬೀದಿ ಆಚೆ ತುದಿಗೆ ಹೋದಂತೆ ಸುಮಾರು ಮೂರು ಮೀಟರು ಕಿರಿದಾಗುವುದರಿಂದ ಬಾಗಿಲಿನಿಂದ ನೋಡಿದರೆ ಇರುವುದಕ್ಕಿಂತ ಉದ್ದವಾಗಿ ಕಾಣುತ್ತದೆ. ಮೊದಲಿದ್ದ 42 ಮನೆಗಳು ಈಗ 27. ಧರ್ಮಸುಧಾರಣೆಯ ನಂತರ ಗಾಯಕರು ಮದುವೆಯಾಗಬಹುದೆಂದಾದಾಗ, ಒಬ್ಬಂಟಿಯ ಮನೆ ಸಂಸಾರಕ್ಕೆ ಸಾಲದೆ ನಡುಗೋಡೆ ಒಡೆದುಕೊಂಡರು. ಗಾಯಕರು ಈಗಲೂ ಅಲ್ಲಿದ್ದಾರೆ.

ಕೇವಲ 9 ಕಿಲೋಮೀಟರು ದೂರದ ಗ್ಲಾಸ್ಟನ್‌ಬರಿಯನ್ನು ನೋಡಿದವರಿಗೆ ಈ ಉಳಿವಿನ ಬೆಲೆ ತಿಳಿಯುತ್ತದೆ. ವೆಲ್ಸ್‌ನ ಪಾದ್ರಿಗಳು ಸಂನ್ಯಾಸಿಗಳಲ್ಲದ್ದರಿಂದ, ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ ಕೆಥೆಡ್ರಲ್ ಬಚಾವಾಯಿತು. ಗ್ಲಾಸ್ಟನ್‌ಬರಿಯ ಮಹಾಮಠ ಹಾಳಾಯಿತು. 1539ರಲ್ಲಿ ಅದರ ಕೊನೆಯ ಮಠಾಧಿಪತಿ, ವೃದ್ಧ ರಿಚರ್ಡ್ ವೈಟಿಂಗ್‌ನ ವಿಚಾರಣೆ ನಡೆದದ್ದು ವೆಲ್ಸ್‌ನಲ್ಲಿ. ಮರುದಿನ ಅವನನ್ನು ಗ್ಲಾಸ್ಟನ್‌ಬರಿಯ ಗುಡ್ಡದ ಮೇಲೆ ಗಲ್ಲಿಗೇರಿಸಿದರು.

ವೆಲ್ಸ್‌ಗೆ ರೈಲು 1960ರ ದಶಕದಲ್ಲೇ ನಿಂತುಹೋಗಿದೆ. ಬಾತ್ ಅಥವಾ ಬ್ರಿಸ್ಟಲ್‌ನಿಂದ ಬಸ್ಸು ಹಿಡಿಯಬೇಕು. ಬುಧವಾರ, ಶನಿವಾರ ಪೇಟೆಚೌಕದಲ್ಲಿ ಸಂತೆ. ಅರಮನೆಯ ಸೇತುವೆಯನ್ನು ಕೊನೆಯ ಸಲ ಎತ್ತಿದ್ದು 1831ರಲ್ಲಿ, ಸಂಸತ್ ಸುಧಾರಣೆಯ ಗಲಭೆಗೆ ಅಂಜಿ. ಕಂದಕದಲ್ಲೀಗ ಹಂಸಗಳಿವೆ. 1850ರ ದಶಕದಲ್ಲಿ ಬಿಷಪ್ ಈಡನ್ನನ ಮಗಳು ಕಲಿಸಿದ ಪಾಠದಂತೆ, ಹಸಿವಾದಾಗ ಅವು ಬಾಗಿಲುಗೋಪುರದ ಕಿಟಕಿಯ ಬಳಿ ಬಂದು, ಇಳಿಬಿಟ್ಟ ಹಗ್ಗವನ್ನು ಕೊಕ್ಕಿನಿಂದ ಎಳೆದು ಗಂಟೆ ಬಾರಿಸುತ್ತವೆ.