ಮೋಟಾರ್‌ಸೈಕಲ್ ಮತ್ತು ಕಾರುಗಳ ವೆಚ್ಚದ ಹೋಲಿಕೆ

ಮೋಟಾರ್‌ಸೈಕಲ್ ಮತ್ತು ಕಾರುಗಳ ವೆಚ್ಚದ ಹೋಲಿಕೆ ಎಂದರೆ ವಾಹನವನ್ನು ಕೊಳ್ಳಲು, ಓಡಿಸಲು ಹಾಗೂ ಸುಸ್ಥಿತಿಯಲ್ಲಿಡಲು ತಗಲುವ ಒಟ್ಟು ಖರ್ಚನ್ನು ಕ್ರಮಿಸಿದ ದೂರಕ್ಕೂ ಪ್ರಯಾಣಿಕರ ಸಂಖ್ಯೆಗೂ ಹಂಚಿ ನೋಡುವ ಲೆಕ್ಕಾಚಾರ. ಮೈಲೇಜ್ ಇದರ ಒಂದು ಅಂಶ ಮಾತ್ರ. 100 ಸಿಸಿ ಆಸುಪಾಸಿನ ಮೋಟಾರ್‌ಸೈಕಲ್ ಒಬ್ಬಿಬ್ಬರ ಪ್ರಯಾಣಕ್ಕೆ ಕಾರಿಗಿಂತ ಸ್ಪಷ್ಟವಾಗಿ ಅಗ್ಗ. ಎಂಜಿನ್‌ನ ಗಾತ್ರ ಮತ್ತು ಪ್ರಯಾಣಿಕರ ಸಂಖ್ಯೆ ಹೆಚ್ಚಿದಂತೆ ಈ ಅನುಕೂಲ ಕುಗ್ಗುತ್ತದೆ. ಅಪಘಾತದ ಅಪಾಯವನ್ನು ಸೇರಿಸಿದರೆ ಲೆಕ್ಕ ಮತ್ತಷ್ಟು ಬದಲಾಗುತ್ತದೆ.

ಹಿನ್ನೆಲೆ

ಈ ಪ್ರಶ್ನೆಗೆ ಮೈಸೂರು ಜಿಲ್ಲೆಯೊಡನೆ ಹಳೆಯ ನಂಟಿದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯು 1961ರಲ್ಲಿ 250 ಸಿಸಿ ವರ್ಗದ ಜಾವಾ ಮೋಟಾರ್‌ಸೈಕಲ್‌ಗಳ ತಯಾರಿಕೆಯನ್ನು ಆರಂಭಿಸಿತು. 1970ರ ದಶಕದಿಂದ ಅವು ಯೆಜ್ಡಿ ಎಂಬ ಹೆಸರಿನಲ್ಲಿ ಮಾರಾಟವಾದವು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕಾಗಿದ್ದ ಈ ಟೂ-ಸ್ಟ್ರೋಕ್ ಗಾಡಿಗಳು ಬಾಳಿಕೆಗೆ ಹೆಸರಾಗಿದ್ದರೂ ಇಂಧನವನ್ನು ಹೆಚ್ಚು ಬಳಸುತ್ತಿದ್ದವು. 1985ರಲ್ಲಿ ಮಾರುಕಟ್ಟೆಗೆ ಬಂದ ಹೀರೊ ಹೋಂಡಾ ಸಿಡಿ 100 ಎಂಬ ಫೋರ್-ಸ್ಟ್ರೋಕ್ ಗಾಡಿಯು ಮೈಲೇಜನ್ನೇ ಪ್ರಚಾರದ ಮುಖ್ಯ ವಿಷಯವನ್ನಾಗಿಸಿತು. ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು. ಇದೇ ಅವಧಿಯಲ್ಲಿ, 1983ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಮಾರುತಿ 800 ಮಧ್ಯಮ ವರ್ಗದ ಕೈಗೆ ಕಾರನ್ನು ಎಟುಕಿಸಿತು. ಬೈಕೋ ಕಾರೋ ಎಂಬ ಪ್ರಶ್ನೆ ಸಾಮಾನ್ಯ ಕುಟುಂಬಗಳಿಗೆ ಎದುರಾದದ್ದು ಆ ಬಳಿಕವೇ.

ಇಂಧನ ಬಳಕೆ

ಸಣ್ಣ ಮೋಟಾರ್‌ಸೈಕಲ್ ಸುಮಾರು 110ರಿಂದ 120 ಕೆ.ಜಿ. ತೂಗಿದರೆ ಸಣ್ಣ ಕಾರು ಅದರ ಆರೇಳು ಪಟ್ಟು ತೂಗುತ್ತದೆ. ಆದರೆ ಕಾರು ಬಳಸುವ ಇಂಧನ ಮೂರು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಸವಾರನ ದೇಹವೂ ಸೇರಿದಂತೆ ಮೋಟಾರ್‌ಸೈಕಲ್‌ನ ಆಕಾರ ಗಾಳಿಯನ್ನು ಸೀಳಿಕೊಂಡು ಹೋಗುವಂಥದ್ದಲ್ಲ. ವೇಗ ಹೆಚ್ಚಿದಂತೆ ಗಾಳಿಯ ತಡೆಯೂ ತೀವ್ರವಾಗಿ ಏರುತ್ತದೆ. ಆದ್ದರಿಂದ ಊರೊಳಗಿನ ಓಡಾಟದಲ್ಲಿ ಬೈಕಿಗಿರುವ ಅನುಕೂಲ ಹೆದ್ದಾರಿಯ ವೇಗದಲ್ಲಿ ಕಡಿಮೆಯಾಗುತ್ತದೆ.

ಪಿರಿಯಾಪಟ್ಟಣದಿಂದ ಹುಣಸೂರು ಮಾರ್ಗವಾಗಿ ಮೈಸೂರಿಗೆ ಸುಮಾರು 70 ಕಿ.ಮೀ. ದೂರವಿದೆ. ಪೆಟ್ರೋಲ್ ಬೆಲೆಯನ್ನು ಲೆಕ್ಕದ ಅನುಕೂಲಕ್ಕಾಗಿ ಲೀಟರಿಗೆ ₹100 ಎಂದು ಇಟ್ಟುಕೊಂಡರೆ, ಹೋಗಿಬರುವ 140 ಕಿ.ಮೀ. ಪ್ರಯಾಣಕ್ಕೆ 60 ಕಿ.ಮೀ. ಮೈಲೇಜಿನ ಬೈಕಿಗೆ ₹233, 35 ಕಿ.ಮೀ. ಮೈಲೇಜಿನ 350 ಸಿಸಿ ಬೈಕಿಗೆ ₹400, 18 ಕಿ.ಮೀ. ಮೈಲೇಜಿನ ಕಾರಿಗೆ ₹778 ಇಂಧನ ಬೇಕು. ನಾಲ್ವರು ಹೋಗುವುದಾದರೆ ಎರಡು ಬೈಕುಗಳು ಬೇಕಾಗುತ್ತವೆ. ಆಗ ಎರಡು ಸಣ್ಣ ಬೈಕುಗಳಿಗೆ ₹467 ಆಗುತ್ತದೆ. ಎರಡು 350 ಸಿಸಿ ಬೈಕುಗಳಿಗೆ ₹800, ಅಂದರೆ ಒಂದು ಕಾರಿಗಿಂತ ಹೆಚ್ಚು.

ಒಂದೇ ಬೈಕಿನಲ್ಲಿ ಇಡೀ ಕುಟುಂಬ ಸಾಗುವ ದೃಶ್ಯ ಸಾಮಾನ್ಯವಾದರೂ, 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಂ ಪ್ರಕಾರ ಸವಾರನ ಹಿಂದೆ ಒಬ್ಬರಿಗಷ್ಟೇ ಅವಕಾಶವಿದೆ. ಹಾಗಾಗಿ ನಾಲ್ವರ ಖರ್ಚನ್ನು ಒಂದು ಬೈಕಿಗೆ ಹಾಕಿ ಉಳಿತಾಯವೆನ್ನುವುದು ಸರಿಯಾದ ಹೋಲಿಕೆಯಲ್ಲ.

ಒಟ್ಟು ವೆಚ್ಚ

ವರ್ಷಕ್ಕೆ 10,000 ಕಿ.ಮೀ.ನಂತೆ ಹತ್ತು ವರ್ಷ ಓಡಿಸಿ ಮಾರುವುದಾಗಿ ಊಹಿಸಿದರೆ ಪ್ರತಿ ಕಿ.ಮೀ. ವೆಚ್ಚ ಹೀಗಾಗುತ್ತದೆ. ವಾಹನದ ಬೆಲೆಗಳು ಉದಾಹರಣೆಗಾಗಿ ನೀಡಿದವು. ವಿಮೆಯು 2022ರ ಜೂನ್ 1ರಿಂದ ಜಾರಿಗೆ ಬಂದ ಥರ್ಡ್ ಪಾರ್ಟಿ ವಾರ್ಷಿಕ ದರದ್ದು. ಸರ್ವಿಸ್ ಖರ್ಚು ಮತ್ತು ಸಾಲದ ಬಡ್ಡಿ ಇದರಲ್ಲಿ ಸೇರಿಲ್ಲ.

• ಸಣ್ಣ ಬೈಕ್ (ಬೆಲೆ ₹90,000, ಮರುಮಾರಾಟ ₹30,000): ಸವಕಳಿ ₹0.60, ಇಂಧನ ₹1.67, ವಿಮೆ ₹0.07, ಒಟ್ಟು ₹2.34.
• 350 ಸಿಸಿ ಬೈಕ್ (ಬೆಲೆ ₹2,00,000, ಮರುಮಾರಾಟ ₹80,000): ಸವಕಳಿ ₹1.20, ಇಂಧನ ₹2.86, ವಿಮೆ ₹0.14, ಒಟ್ಟು ₹4.20.
• 1000 ಸಿಸಿ ಒಳಗಿನ ಕಾರು (ಬೆಲೆ ₹6,00,000, ಮರುಮಾರಾಟ ₹2,00,000): ಸವಕಳಿ ₹4.00, ಇಂಧನ ₹5.56, ವಿಮೆ ₹0.21, ಒಟ್ಟು ₹9.77.

ಸಣ್ಣ ಬೈಕಿನ ಖರ್ಚು ಕಾರಿನ ನಾಲ್ಕನೇ ಒಂದು ಭಾಗದಷ್ಟಿದೆ. ಎರಡು ಸಣ್ಣ ಬೈಕುಗಳನ್ನು ಇಟ್ಟುಕೊಂಡರೂ ಕಾರಿನ ಅರ್ಧದಷ್ಟೂ ಆಗುವುದಿಲ್ಲ. ಎರಡು 350 ಸಿಸಿ ಬೈಕುಗಳ ಖರ್ಚು ಮಾತ್ರ ಕಾರಿನ ಸಮೀಪಕ್ಕೆ ಬರುತ್ತದೆ.

ಕಾರಿನ ಖರ್ಚಿನಲ್ಲಿ ಓಡಿಸದಿದ್ದರೂ ತಪ್ಪದ ಭಾಗ ದೊಡ್ಡದು. ಅದೇ ಕಾರನ್ನು ಹಬ್ಬ, ಮದುವೆಗಳಿಗಷ್ಟೇ ಬಳಸಿ ವರ್ಷಕ್ಕೆ 2,000 ಕಿ.ಮೀ. ಓಡಿಸಿದರೆ, ಮರುಮಾರಾಟದ ಬೆಲೆ ಬದಲಾಗದು ಎಂದುಕೊಂಡಲ್ಲಿ, ಪ್ರತಿ ಕಿ.ಮೀ. ವೆಚ್ಚ ₹26 ದಾಟುತ್ತದೆ.

ತೆರಿಗೆ ಮತ್ತು ನಿರ್ವಹಣೆ

ಕರ್ನಾಟಕದ ಜೀವಿತಾವಧಿ ತೆರಿಗೆಯಲ್ಲಿ, ಸೆಸ್ ಹೊರತುಪಡಿಸಿ, ₹1 ಲಕ್ಷ ಮೀರಿದ ದ್ವಿಚಕ್ರ ವಾಹನಕ್ಕೆ ಶೇ. 18ರ ದರವಿದ್ದರೆ ₹5 ಲಕ್ಷದೊಳಗಿನ ಕಾರಿಗೆ ಶೇ. 13ರ ದರವಿದೆ. ಅಂದರೆ ದುಬಾರಿ ಬೈಕಿನ ತೆರಿಗೆ ಅದರ ಬೆಲೆಗೆ ಹೋಲಿಸಿದರೆ ಕಾರಿನ ತೆರಿಗೆಗಿಂತ ಭಾರವಾದದ್ದು. ಇನ್ನೊಂದೆಡೆ, ರಾಷ್ಟ್ರೀಯ ಹೆದ್ದಾರಿಗಳ ಟೋಲ್‌ನಿಂದ ದ್ವಿಚಕ್ರ ವಾಹನಗಳಿಗೆ ವಿನಾಯಿತಿ ಇದೆ.

ಬೈಕಿನ ಬಿಡಿಭಾಗಗಳು ಅಗ್ಗವಾದರೂ ಬೇಗ ಸವೆಯುತ್ತವೆ. ಟೈರ್, ಚೈನ್ ಮತ್ತು ಸ್ಪ್ರಾಕೆಟ್‌ಗಳನ್ನು ಕಾರಿನ ಟೈರಿಗಿಂತ ಕಡಿಮೆ ಅಂತರದಲ್ಲಿ ಬದಲಿಸಬೇಕಾಗುತ್ತದೆ. ಮಣ್ಣು ರಸ್ತೆಯ ಧೂಳು ಮತ್ತು ಕೆಸರು ಈ ಸವೆತವನ್ನು ಹೆಚ್ಚಿಸುತ್ತವೆ.

ಗ್ರಾಮೀಣ ಬಳಕೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ಪಟ್ಟಣಗಳ ಪೈಕಿ ರೈಲು ನಿಲ್ದಾಣವಿರುವುದು ಕೃಷ್ಣರಾಜನಗರದಲ್ಲಿ ಮಾತ್ರ. ಉಳಿದೆಡೆ ಜನರು ಬಸ್ಸು ಮತ್ತು ಸ್ವಂತ ವಾಹನಗಳನ್ನೇ ಅವಲಂಬಿಸಿದ್ದಾರೆ. ಡೇರಿಗೆ ಹಾಲು ಹಾಕುವುದು, ಹೊಲದಿಂದ ಹುಲ್ಲಿನ ಹೊರೆ ತರುವುದು ಮುಂತಾದ ದಿನನಿತ್ಯದ ಕಿರುದೂರದ ಕೆಲಸಗಳಿಗೆ ಬೈಕು ಅಥವಾ ಮೊಪೆಡ್ ಸಾಕು. ಈ ಕೆಲಸಗಳಿಗೆ ಕಾರು ಪರ್ಯಾಯವೇ ಅಲ್ಲ. ಹೊಗೆಸೊಪ್ಪಿನ ಬೇಲ್‌ಗಳನ್ನು ಹರಾಜು ಕೇಂದ್ರಕ್ಕೆ ಸಾಗಿಸಲು ಎರಡಕ್ಕೂ ಬದಲಾಗಿ ಸರಕು ವಾಹನ ಬೇಕು.

ದೂರದ ಪ್ರಯಾಣಕ್ಕೆ ಬಸ್ಸನ್ನೂ ಹೋಲಿಕೆಗೆ ಸೇರಿಸಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಆದ್ದರಿಂದ ಪತಿಪತ್ನಿ ಮೈಸೂರಿಗೆ ಹೋಗಿಬರುವಾಗ ಒಬ್ಬರ ಟಿಕೆಟ್ ದರವನ್ನಷ್ಟೇ ಬೈಕಿನ ಖರ್ಚಿನೊಡನೆ ಹೋಲಿಸಿದರೆ ಸಾಕು.

ಅಪಘಾತದ ವೆಚ್ಚ

2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮೃತಪಟ್ಟರು. ಇವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ ಧರಿಸದೆ ಸತ್ತವರೇ 50,029 ಮಂದಿ. ದ್ವಿಚಕ್ರ ವಾಹನಗಳ ಸಂಖ್ಯೆಯೇ ದೇಶದಲ್ಲಿ ಹೆಚ್ಚಾಗಿರುವುದು ಇದಕ್ಕೆ ಒಂದು ಕಾರಣ. ಆದರೆ ಡಿಕ್ಕಿಯಾದಾಗ ಸವಾರನ ಸುತ್ತ ಕಾರಿನಂತೆ ಲೋಹದ ಕವಚ, ಸೀಟ್ ಬೆಲ್ಟ್ ಅಥವಾ ಏರ್‌ಬ್ಯಾಗ್ ಇರುವುದಿಲ್ಲ.

ದುಡಿಯುವ ಒಬ್ಬ ಸದಸ್ಯನಿಗೆ ತೀವ್ರ ಗಾಯವಾದರೆ ಆಸ್ಪತ್ರೆಯ ಖರ್ಚು ಮತ್ತು ನಿಂತುಹೋದ ದುಡಿಮೆ ಸೇರಿ ಹಲವು ವರ್ಷಗಳ ಇಂಧನ ಉಳಿತಾಯವನ್ನು ಮೀರಬಹುದು. ಹೆಲ್ಮೆಟ್ ಮತ್ತು ಮಾಲೀಕ-ಚಾಲಕರಿಗೆ ಕಡ್ಡಾಯವಾಗಿರುವ ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯ ಖರ್ಚನ್ನು ಆದ್ದರಿಂದ ಬೈಕಿನ ವೆಚ್ಚದಲ್ಲೇ ಸೇರಿಸುವುದು ಸೂಕ್ತ. ಇವನ್ನು ಸೇರಿಸಿದ ಮೇಲೂ ಸಣ್ಣ ಬೈಕಿನ ಖರ್ಚು ಕಾರಿನದಕ್ಕಿಂತ ಬಹಳ ಕಡಿಮೆಯೇ ಉಳಿಯುತ್ತದೆ.